ಮರದಿಂದ ಇಳಿದ ಮೇಲೆ

ನಮ್ಮ ಸಕಲೇಶಪುರದ ಕಡೆ ಹೂಮಳೆ ಮುಗಿದು ಮುಂಗಾರು ಕಟ್ಟುವುದರೊಳಗೆ ಮರಗಸಿ, ಅಂದರೆ ನೆರಳುಮರಗಳ ರೆಂಬೆ ಕಡಿಯುವ ಕೆಲಸ, ಆಗಬೇಕು. ನೆರಳು ತೆಳುವಾಗದಿದ್ದರೆ ಮಳೆಗಾಲದಲ್ಲಿ ಗಾಳಿ ಬೆಳಕು ಸಾಲದೆ ಕಾಫಿಗಿಡಕ್ಕೆ ಕೊಳೆ ಹತ್ತುತ್ತದೆ. ಆ ದಿನಗಳಲ್ಲಿ ಹಾಲುವಾಣ, ಅತ್ತಿ, ಬಸರಿ, ಸಿಲ್ವರ್ ಓಕ್ ಎಲ್ಲದರ ನೆತ್ತಿಯಿಂದಲೂ ಕತ್ತಿಯ ಸದ್ದು. ಮರ ಹತ್ತಿದವನನ್ನು ತೋಟಕ್ಕೆ ತೋಟವೇ ತಲೆಯೆತ್ತಿ ನೋಡುತ್ತದೆ. ಕೂಲಿಯೂ ಅವನಿಗೇ ಹೆಚ್ಚು, ಅದು ನ್ಯಾಯ. ಕೆಳಗೆ ಬಿದ್ದ ದಿಮ್ಮಿಯನ್ನು ಗಿಡಗಳ ನಡುವೆ ನುಸುಳಿಕೊಂಡು ರಸ್ತೆಯವರೆಗೆ ಹೊತ್ತು ಹಾಕುವವರನ್ನು ಮಾತ್ರ ಯಾರೂ ನೋಡುವುದಿಲ್ಲ.

ನಮ್ಮ ತೋಟದಲ್ಲಿ ಇಪ್ಪತ್ತು ವರ್ಷದಿಂದ ಮರಗಸಿ ಮಾಡುತ್ತಿರುವ ಅಣ್ಣ ಒಂದು ಸಂಜೆ ಕಣದ ಕಟ್ಟೆಯ ಮೇಲೆ ಕುತ್ತಿಗೆ ಉಜ್ಜಿಕೊಳ್ಳುತ್ತ ಕೂತಿದ್ದರು. "ಹತ್ತೋದು ಏನಿಲ್ಲ ಅಕ್ಕಾವ್ರೇ, ಕೈಕಾಲು ಗಟ್ಟಿ ಇದ್ರೆ ಆಯ್ತು. ಇಳಿದ್ಮೇಲೆ ಹೊರ್ತೀವಲ್ಲ, ಅದೇ ಜೀವ ತೆಗೆಯೋದು" ಅಂದರು. ಆ ಮಾತು ಕೇಳಿದ ಮೇಲೆ ನಾನು ಕೈಗಾಡಿಯ ವಿಚಾರ ಹಿಡಿದೆ.

ಒಂದಡಿ ದಪ್ಪ, ಆರಡಿ ಉದ್ದದ ಹಸಿ ದಿಮ್ಮಿ 100 ಕೆಜಿ ದಾಟುತ್ತದೆ. ಹಸಿಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಮಾಡಿದ ಶಿಫಾರಸಿನ ಪ್ರಕಾರ ವಯಸ್ಕ ಗಂಡಸು ಹೊರುವ ಭಾರ 55 ಕೆಜಿ ಮೀರಬಾರದು. ಇಬ್ಬರು ಹೆಗಲು ಕೊಟ್ಟರೂ ನಮ್ಮ ದಿಮ್ಮಿ ಆ ಅಂಚಿನಲ್ಲೇ ನಿಲ್ಲುತ್ತದೆ. ಅದೂ ಸಮನೆಲದ ಲೆಕ್ಕ. ತೋಟದಲ್ಲಿ ಕಾಲ ಕೆಳಗೆ ತರಗೆಲೆ, ತರಗೆಲೆಯ ಕೆಳಗೆ ನೀರಿಂಗಿಸಲು ತೋಡಿದ ತೊಟ್ಟಿಲು ಗುಂಡಿ. ಕಡಿದದ್ದನ್ನು ತಿಂಗಳುಗಟ್ಟಲೆ ಒಣಗಲು ಬಿಟ್ಟರೆ ಭಾರವೇನೋ ಇಳಿಯುತ್ತದೆ. ಆದರೆ ಮುಂಗಾರು ಕಾಯುವುದಿಲ್ಲ.

ಗಾಡಿಯನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿದೆವು. ಎರಡು ಹಳೆಯ ಸ್ಕೂಟರ್ ಚಕ್ರ, ಕಮಾನಿನಂತೆ ಬಗ್ಗಿಸಿದ ಕಬ್ಬಿಣದ ಪೈಪು, ಉದ್ದದ ಹಿಡಿ, ಒಂದು ಸರಪಳಿ. ದಿಮ್ಮಿಯ ಮೇಲೆ ಗಾಡಿ ನಿಲ್ಲಿಸಿ, ಹಿಡಿಯನ್ನು ಮೇಲೆತ್ತಿ ಸರಪಳಿ ಬಿಗಿದು, ಮತ್ತೆ ಕೆಳಗೆ ಒತ್ತಿದರೆ ದಿಮ್ಮಿಯ ಮುಂದಿನ ತುದಿ ನೆಲ ಬಿಟ್ಟು ಏಳುತ್ತದೆ. ಹಿಂದಿನ ತುದಿ ಎಳೆದುಕೊಂಡು ಬರುತ್ತದೆ. ಕೊಡಗಿನ ದುಬಾರೆಯ ಆನೆಗಳು ಹಿಂದೆ ಅರಣ್ಯ ಇಲಾಖೆಗೆ ನಾಟಾ ಎಳೆಯುತ್ತಿದ್ದವು. ನಾಟಾ ಎಳೆಯುವ ಆನೆಯ ಉಪಾಯವೂ ಇದೇ: ಮುಂದಿನ ತುದಿ ಮಣ್ಣಿಗೆ ಕಚ್ಚಿಕೊಳ್ಳದಂತೆ ತುಸು ಎತ್ತಿ ಹಿಡಿಯುವುದು.

ಮೊದಲ ದಿನ ಅರೇಬಿಕಾ ಪಟ್ಟಿಗೆ ಒಯ್ದೆವು. ಅಲ್ಲಿ ಗಿಡಕ್ಕೂ ಗಿಡಕ್ಕೂ ಆರಡಿ. ರೆಕ್ಕೆಗಳು ಕೂಡಿಕೊಂಡು ಮನುಷ್ಯ ಓರೆಯಾಗಿ ನಡೆಯುವಷ್ಟೇ ಸಂದು. ಗಾಡಿ ತಿರುಗಿಸುವಾಗ ಎರಡು ಗಿಡದ ರೆಕ್ಕೆ ಮುರಿದವು, ಒಂದು ಚಕ್ರ ತೊಟ್ಟಿಲು ಗುಂಡಿಗೆ ಇಳಿಯಿತು. ಅದನ್ನು ಮೇಲೆತ್ತುವಷ್ಟರಲ್ಲಿ ಎರಡು ದಿಮ್ಮಿ ಹೊತ್ತು ಹಾಕಬಹುದಿತ್ತು. ಮರುದಿನ ರೊಬಸ್ಟಾ ಪಟ್ಟಿಯಲ್ಲಿ ಮಾತು ಬದಲಾಯಿತು. ಹತ್ತಡಿ ಅಂತರದಲ್ಲಿ ಗಾಡಿ ಸಲೀಸಾಗಿ ಓಡಾಡಿತು. ಇಬ್ಬರು ಏದುಸಿರು ಬಿಡುತ್ತ ಹೊರುತ್ತಿದ್ದ ದಿಮ್ಮಿಯನ್ನು ಅಣ್ಣ ಒಬ್ಬರೇ ಎಳೆದು ರಸ್ತೆಗೆ ತಂದು ನಿಲ್ಲಿಸಿದರು.

ಇಳಿಜಾರು ಬೇರೆಯೇ ಪಾಠ ಕಲಿಸಿತು. ಭಾರ ತುಂಬಿದ ಗಾಡಿ ಇಳುಕಲಿನಲ್ಲಿ ಎಳೆಯುವವನನ್ನೇ ದೂಡುತ್ತದೆ. ಒಮ್ಮೆ ಹಾಗೆ ದೂಡಿದಾಗ ಅಣ್ಣ ಹಿಡಿ ಬಿಟ್ಟು ಪಕ್ಕಕ್ಕೆ ಹಾರಿದ್ದರಿಂದ ಉಳಿದರು. ಅಂದಿನಿಂದ ಹಿಂದೆ ಹಗ್ಗ ಕಟ್ಟಿ, ಅದನ್ನು ಮೇಲಿನ ಮರದ ಬುಡಕ್ಕೆ ಎರಡು ಸುತ್ತು ಸುತ್ತಿ, ಇನ್ನೊಬ್ಬರು ನಿಧಾನವಾಗಿ ಸಡಿಲಿಸುತ್ತ ಹೋಗುತ್ತಾರೆ. ಆ ಇನ್ನೊಬ್ಬರ ಕೂಲಿ ಉಳಿಸಲು ಹೋಗಬಾರದು. ಮರಗಸಿಯಲ್ಲಿ ಮೊದಲೇ ಅಪಾಯ ಸಾಕಷ್ಟಿದೆ: ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಸತ್ತವರ ಸುದ್ದಿ ನಮ್ಮ ಕಡೆ ಹೊಸದಲ್ಲ. ಅಪಾಯವಿರುವುದು ಗೊತ್ತಿದ್ದೂ ಒಂದಾಳು ಕಡಿಮೆ ಮಾಡುವುದು ನನ್ನಿಂದ ಆಗದ ಕೆಲಸ.

ಸೊಪ್ಪು, ಸಣ್ಣ ರೆಂಬೆಗಳಿಗೆ ಗಾಡಿಯ ಹಂಗೇ ಬೇಡ. ಹಾಲುವಾಣದ ಸೊಪ್ಪು ಬಿದ್ದಲ್ಲೇ ಕೊಳೆತು ಗೊಬ್ಬರವಾಗುತ್ತದೆ. ಅದನ್ನು ಹೊರಗೆ ಸಾಗಿಸುವುದು ತೋಟದ ಅನ್ನವನ್ನೇ ಹೊರಗೆ ಹಾಕಿದಂತೆ.

ಗಾಡಿ ಲಾಭವೇ ಎಂದು ನೆರೆಯ ತೋಟದವರು ಕೇಳುತ್ತಾರೆ. ಸಮಯದ ಲೆಕ್ಕದಲ್ಲಿ ನನಗೆ ದೊಡ್ಡ ಉಳಿತಾಯ ಕಾಣಲಿಲ್ಲ. ಸರಪಳಿ ಬಿಗಿಯುವುದು, ಬಿಚ್ಚುವುದು, ಖಾಲಿ ಗಾಡಿಯನ್ನು ಏರಿಗೆ ಹತ್ತಿಸುವುದು ಎಲ್ಲಕ್ಕೂ ಹೊತ್ತು ಬೇಕು. ಆದರೆ ಈ ಸಲದ ಮರಗಸಿ ಮುಗಿದ ದಿನ ಅಣ್ಣ ಕುತ್ತಿಗೆಗೆ ಎಣ್ಣೆ ಕೇಳಲಿಲ್ಲ. ಮೂರು ವರ್ಷದಿಂದ ಬೆನ್ನುನೋವೆಂದು ದಿಮ್ಮಿ ಹೊರುವ ಕೆಲಸ ಬಿಟ್ಟಿದ್ದ ಅವರ ತಮ್ಮ ಮತ್ತೆ ಬಂದು ಹಗ್ಗ ಹಿಡಿದರು. ನನ್ನ ಮಟ್ಟಿಗೆ ಗಾಡಿಯ ಬೆಲೆ ಅಲ್ಲಿಗೇ ತೀರಿತು.

ನಿಮ್ಮದು ಕಡಿದಾದ ಅರೇಬಿಕಾ ತೋಟವಾದರೆ ಗಾಡಿ ಬೇಡ. ದಿಮ್ಮಿಯನ್ನೇ ಗಿಡ್ಡಗೆ ಕೊಯ್ಯಿಸಿ, ಒಂದಡಿ ದಪ್ಪದ್ದಾದರೆ ಎರಡಡಿಗಿಂತ ಉದ್ದ ಬೇಡ. ರೊಬಸ್ಟಾ ಆದರೆ ಖಂಡಿತ ಮಾಡಿಸಿ. ಅದಕ್ಕೂ ಮೊದಲು ಗುದ್ದಲಿ ಕೊಟ್ಟು, ಗಾಡಿ ಹೋಗುವಷ್ಟು ಅಗಲದ ಹಾದಿಯೊಂದನ್ನು ರಸ್ತೆಯವರೆಗೆ ಕಡಿಸಿಡಿ.