ಹಳೆಯ ಮಾಳಿಗೆಯ ಜೀರ್ಣೋದ್ಧಾರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನಮ್ಮ ಸೀಮೆಯಲ್ಲಿ ಹಳೆಯ ಮನೆಗಳು ಬಹುಶಃ ಮಣ್ಣಿನ ಮಾಳಿಗೆಯವು. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಹೊಸ ಮಣ್ಣು ಹಾಕುವುದು ಪದ್ಧತಿ. ತೀರ್ಥರೂಪರು ಹಾಕಿಸಿದರು, ಅವರ ತರುವಾಯ ನಾನೂ ಪಿತೃಕಾರ್ಯದಷ್ಟೇ ಶ್ರದ್ಧೆಯಿಂದ ಹಾಕಿಸುತ್ತ ಬಂದೆನು.

ನಾನು ನಿವೃತ್ತನಾದ ಮೇಲೆ ಮಕ್ಕಳು, ಇದನ್ನು ಕೆಡವಿ ಸಿಮೆಂಟಿನ ಮನೆ ಕಟ್ಟಿಸೋಣವೆಂದರು. ನಾನೊಪ್ಪಲಿಲ್ಲ. ವೈಶಾಖದ ಬಿಸಿಲಿನಲ್ಲಿ ಈ ಮಾಳಿಗೆಯ ತಂಪು ಕಾಂಕ್ರೀಟಿಗೆಲ್ಲಿಯದು? ದುರಸ್ತಿ ಸಾಕೆಂದು ಗವಂಡಿಯನ್ನು ಕರೆಯಿಸಿದೆನು. ಆತನು ಮೇಲೆ ಹತ್ತಿ, ಬೆಳಕಿಂಡಿಯ ಬದಿಗೆ ಅಗೆದು ಅಳೆದನು: ಮಣ್ಣು ಒಂದೂವರೆ ಮೊಳ! "ಮಾಸ್ತರ್ರ, ವರ್ಷಾ ಹಾಕಸೀರಿ; ಒಮ್ಮೆರ ತಗಸೀರೇನ್ರಿ?" ಎಂದನು.

ಬಿರಿದ ತೊಲೆಯ ನೇರ ಕೆಳಗೇ ನನ್ನ ಸಹಧರ್ಮಿಣಿಯ ಮಂಚವಿದ್ದಿತು. ಅಂದೇ ಅದನ್ನು ಪಡಸಾಲೆಗೆ ತರಿಸಿದೆನು. ಕಾರಣ ಹೇಳಲು ಮಾತ್ರ ಎರಡು ದಿನ ಬೇಕಾದವು. ಮಾಳಿಗೆಮನೆಯುಳ್ಳ ವಾಚಕರು ತಮ್ಮ ತೊಲೆಗಳನ್ನೊಮ್ಮೆ ನೋಡಿಕೊಳ್ಳಬೇಕು.

ಮಣ್ಣನ್ನೆಲ್ಲ ಇಳಿಸಿ, ಎರಡು ತೊಲೆ ಬದಲಿಸಿ, ಅರ್ಧ ಮೊಳದಷ್ಟೇ ಮರಳಿ ಹಾಸಿಸಿದೆವು. ಒಳಗಿದ್ದ ದನಗಳು ಹಿತ್ತಲಿಗೆ ಹೋದವು. ಹೊಗೆ ಹೋಗಲೆಂದು ಅಡುಗೆಮನೆಯ ಬೆಳಕಿಂಡಿಯನ್ನು ಹಿಗ್ಗಿಸಿದೆವು. ನೆಲಕ್ಕೆ ತಾಳಿಕೋಟೆಯ ಹಾಸುಗಲ್ಲು ಬಂದಿತು. ಒಂದು ಪ್ರಮಾದವೂ ಆಯಿತು. ಗವಂಡಿ ಬೇಡವೆಂದರೂ ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿದೆನು. ಒಳಗಿನ ತೇವ ಹೊರಬರಲಾರದೆ ಎರಡನೆಯ ಮಳೆಗಾಲಕ್ಕೆ ಅದು ಹಪ್ಪಳದಂತೆ ಎದ್ದಿತು. ಎಲ್ಲವನ್ನೂ ಕೆದರಿಸಿ ಸುಣ್ಣದ ಗಾರೆ ಹಾಕಿಸಬೇಕಾಯಿತು. ವ್ಯಾಕರಣ ಕಲಿಸಿದವನಿಗೆ ಗೋಡೆಯ ಜ್ಞಾನವೂ ಇರುವದೆಂದು ಯಾರೂ ನಂಬಬಾರದು.

ಈಗ ಮಣ್ಣು ಹಾಕಿಸುವ ಮೊದಲು ಅಷ್ಟೇ ಹಳೆಯ ಮಣ್ಣನ್ನು ತೆಗೆಸುತ್ತೇನೆ. ತೊಲೆಗಳು ಭದ್ರವಾಗಿವೆ. ಆಕೆಯ ಮಂಚ ಮಾತ್ರ ಇನ್ನೂ ಪಡಸಾಲೆಯಲ್ಲಿಯೇ ಇದೆ.