ಬಳ್ಳಾರಿ ಸೀಮೆ ಕಲಿಸಿದ ಪಾಠ

ಕೊಟ್ಟೂರಿನಿಂದ ಕೂಡ್ಲಿಗಿಯ ಮಾರ್ಗವಾಗಿ ಬಳ್ಳಾರಿಗೆ ಹೋಗುವ ಯಾತ್ರಿಕನಿಗೆ ಮೊದಲು ಎದುರಾಗುವುದು ಕೆಂಪು ಮಸಾರಿ ನೆಲ. ಅಲ್ಲಿಯ ಶೇಂಗಾ, ಜೋಳ, ಸಜ್ಜೆಗಳು ಬಹುಮಟ್ಟಿಗೆ ಮುಗಿಲನ್ನೇ ನಂಬಿಕೊಂಡಿವೆ. ಬಳ್ಳಾರಿಯನ್ನು ದಾಟಿ ಸಿರುಗುಪ್ಪದತ್ತ ಸಾಗಿದರೆ ಎರೆಭೂಮಿ, ತುಂಗಭದ್ರೆಯ ಕಾಲುವೆ, ಭತ್ತದ ಗದ್ದೆಗಳು ಕಣ್ಣು ತುಂಬುತ್ತವೆ. ನೀರಿದ್ದ ಕಡೆ ಚಿಂತೆಯಿಲ್ಲವೆಂದು ತಿಳಿಯಲಾಗದು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಜಲಾಶಯದ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಈ ಸೀಮೆಯ ರೈತರು ತಮ್ಮ ಬೆಳೆಯೂ ಹೊಳೆಯ ಪಾಲಾಯಿತೆಂದು ತಲ್ಲಣಿಸಿದರು. ಒಂದು ಕಡೆ ಮಳೆಯ ದಾರಿ ಕಾಯುವ ಬದುಕು, ಇನ್ನೊಂದು ಕಡೆ ಕಾಲುವೆಯ ದಾರಿ ಕಾಯುವ ಬದುಕು. ಕಾಯುವ ಬೇಗೆ ಎರಡೂ ಕಡೆ ಒಂದೇ.

ಶ್ರೀ ಕೊಟ್ಟೂರೇಶ್ವರನ ರಥೋತ್ಸವವನ್ನೂ ಹಂಪೆಯ ವಿರೂಪಾಕ್ಷನನ್ನೂ ನೋಡಲು ಈ ನಾಡಿಗೆ ಬರುವವರು ಬಹಳ. ಆದರೆ ಮನೋವ್ಯಾಧಿಯ ಚಿಕಿತ್ಸೆಯಲ್ಲಿ ಬಳ್ಳಾರಿಯು ಇಡೀ ದೇಶಕ್ಕೇ ದಾರಿ ತೋರಿದ ಜಿಲ್ಲೆಯೆಂಬುದನ್ನು ಬಲ್ಲವರು ವಿರಳ.

ಹಿಂದೆ ಇಲ್ಲಿಯ ಹಳ್ಳಿಯಲ್ಲಿ ಒಬ್ಬರ ಚಿತ್ತ ಕದಡಿದರೆ ಮನೆಯವರಿಗೆ ಇದ್ದ ದಾರಿಗಳು ಕೆಲವೇ. ಗುಡಿಗೆ ಹರಕೆ ಹೊರುವುದು, ತಾಯತ ಕಟ್ಟಿಸುವುದು, ಅದೂ ಆಗದಿದ್ದರೆ ಧಾರವಾಡದ ಆಸ್ಪತ್ರೆಗೋ ಸುಮಾರು 300 ಕಿಲೋಮೀಟರ್ ದೂರದ ಬೆಂಗಳೂರಿಗೋ ಒಯ್ಯುವುದು. ದಿನಗೂಲಿಯ ಮನೆಗೆ ಆ ಪ್ರಯಾಣ ಒಮ್ಮೆ ಸಾಧ್ಯವಾದೀತು. ತಿಂಗಳು ತಿಂಗಳೂ ಔಷಧಿಗಾಗಿ ಹೋಗಿಬರುವುದು ಎಲ್ಲಿಯ ಮಾತು? ಗುಳಿಗೆ ಮುಗಿದೊಡನೆ ರೋಗ ಮರಳುತ್ತಿತ್ತು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಈ ಕಷ್ಟವನ್ನು ಅರಿತರು. 1970ರ ದಶಕದಲ್ಲಿ ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ತೆರೆದು, ಹಳ್ಳಿಯ ಸಾಮಾನ್ಯ ವೈದ್ಯರೂ ಆರೋಗ್ಯ ಕಾರ್ಯಕರ್ತೆಯರೂ ಮನೋರೋಗವನ್ನು ಗುರುತಿಸಬಲ್ಲರೆಂಬುದನ್ನು ಮಾಡಿ ತೋರಿಸಿದರು. ಇದನ್ನು ಒಂದು ಇಡೀ ಜಿಲ್ಲೆಯಲ್ಲಿ ಪರೀಕ್ಷಿಸಲು 1985ರಲ್ಲಿ ಆರಿಸಿಕೊಂಡದ್ದು ಬಳ್ಳಾರಿಯನ್ನು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಅಲ್ಪಕಾಲದ ತರಬೇತಿ ನೀಡಲಾಯಿತು. ಮನೆಮನೆಗೆ ಹೋಗುವ ಕಾರ್ಯಕರ್ತೆಯರಿಗೆ, ನಿದ್ದೆಗೆಟ್ಟವರು, ತಮ್ಮಷ್ಟಕ್ಕೆ ಮಾತನಾಡುವವರು, ಅನ್ನ ಸ್ನಾನಗಳನ್ನು ಬಿಟ್ಟವರು, ಮೂರ್ಛೆ ಬೀಳುವವರು ಕಂಡರೆ ಕೇಂದ್ರಕ್ಕೆ ಕರೆತರುವುದನ್ನು ಕಲಿಸಲಾಯಿತು. ಅತ್ಯಗತ್ಯವಾದ ಕೆಲವೇ ಔಷಧಿಗಳು ಸಮೀಪದಲ್ಲಿಯೇ ದೊರೆತವು; ಕಠಿಣವಾದ ರೋಗಕ್ಕೆ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದರು. 1996ರಲ್ಲಿ ಕೇಂದ್ರ ಸರ್ಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದಾಗ ಈ ಮಾದರಿಯೇ ಅದಕ್ಕೆ ತಳಹದಿಯಾಯಿತು.

ಔಷಧಿಯು ಮನೆಯ ಸಮೀಪಕ್ಕೆ ಬಂದಿತು. ಆದರೆ ನಾಚಿಕೆಯು ಮನೆಯ ಒಳಗೇ ಉಳಿಯಿತು. ಈ ಸೀಮೆಯ ಒಂದು ಆಸ್ಪತ್ರೆಯ ಜಗಲಿಯ ಮೇಲೆ ಕುಳಿತಿದ್ದ ತಾಯಿಯೊಬ್ಬಳು ಮಗನ ಗುಳಿಗೆಗಳನ್ನು ಸೆರಗಿನಲ್ಲಿ ಗಂಟು ಹಾಕಿಕೊಳ್ಳುತ್ತ, “ಓಣ್ಯಾಗ ಸಕ್ರಿ ಕಾಯ್ಲೆ ಗುಳಿಗಿ ಅಂತ ಹೇಳೀನ್ರಿ. ನಿಜ ಹೇಳಿದ್ರ ಮಗಳಿಗೆ ಗಂಡು ಸಿಗಂಗಿಲ್ಲ” ಎಂದಳು. ಆ ತಾಯಿಯನ್ನು ಸುಳ್ಳಿಗೆ ನೂಕಿದವರು ಓಣಿಯವರಾದ ನಾವೇ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿ ಒಂದಲ್ಲ ಒಂದು ಮನೋವ್ಯಾಧಿಯಿಂದ ಬಳಲುತ್ತಿದ್ದರು. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆಯೇ ದೊರೆತಿರಲಿಲ್ಲ.

ರೈತನ ಸಂಕಟವಂತೂ ಇನ್ನೂ ಮೂಕವಾದುದು. ಆತನು ಮನಸ್ಸು ಕುಗ್ಗಿದೆಯೆಂದು ಹೇಳುವುದಿಲ್ಲ. ಎದೆ ಉರಿಯುತ್ತದೆ, ತಲೆ ಭಾರ, ರಾತ್ರಿ ನಿದ್ದೆಯಿಲ್ಲ ಎನ್ನುತ್ತಾನೆ. 2022ರಲ್ಲಿ ದೇಶದ ಕೃಷಿ ವಲಯದಲ್ಲಿ 11,290 ಮಂದಿ ಜೀವ ಕಳೆದುಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ಅವರಲ್ಲಿ 2,392 ಮಂದಿ ನಮ್ಮ ಕರ್ನಾಟಕದವರು. ಇವರಲ್ಲಿ ಭೂಮಿಯ ಒಡೆಯರೂ ಉಂಟು, ಕೃಷಿಕೂಲಿಗಳೂ ಉಂಟು. ಸಾಲ, ಬೆಳೆನಷ್ಟ, ಕುಡಿತ, ಕಾಯಿಲೆ, ಮನೆಯ ಕಲಹ ಇವು ಒಂದರೊಡನೊಂದು ಹೆಣೆದುಕೊಂಡು ಮನುಷ್ಯನನ್ನು ಬಿಗಿಯುತ್ತವೆ. ಗುಳಿಗೆಯು ಸಾಲವನ್ನು ತೀರಿಸದು, ಮಳೆಯನ್ನೂ ತರಿಸದು. ನ್ಯಾಯವಾದ ಬೆಲೆ ಮತ್ತು ಬೆಳೆವಿಮೆಯ ಹೊಣೆ ಸರ್ಕಾರದ್ದೇ. ಆದರೆ ನಿದ್ದೆ ಮರಳಿ ಬಂದವನಿಗೆ ಬ್ಯಾಂಕಿನವರೆದುರು ನಿಂತು ಮಾತನಾಡುವ ಧೈರ್ಯವೂ ಮರಳುತ್ತದೆ.

ಆದುದರಿಂದ ಸದ್ಭಕ್ತರಾದ ಬಂಧುಗಳಲ್ಲಿ ಒಂದು ವಿನಂತಿ. ಮನೆಯಲ್ಲಿ ಯಾರಾದರೂ ಎರಡು ವಾರಗಳಿಗೂ ಮೀರಿ ಉಣ್ಣದೆ, ಮಲಗದೆ, ಮಾತು ಬಿಟ್ಟು ಕುಳಿತಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಬದುಕು ಸಾಕೆಂಬ ಮಾತು ಬಾಯಿಂದ ಬಂದರಂತೂ ಎರಡು ವಾರ ಕಾಯಬೇಡಿರಿ. ಆ ದಿನವೇ ಹೊರಡಿರಿ, ಅವರನ್ನು ಒಂಟಿಯಾಗಿ ಬಿಡಬೇಡಿರಿ. ಬೆಳೆಗೆ ಹೊಡೆಯುವ ಔಷಧಿಯನ್ನು ಬೀಗ ಹಾಕಿ ಇಡಿರಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಸಮಾಧಾನ ಹೇಳುವವರಿದ್ದಾರೆ, ಅದಕ್ಕೆ ಶುಲ್ಕವಿಲ್ಲ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಜೀವ ತೆಗೆದುಕೊಳ್ಳಲು ಯತ್ನಿಸಿ ಉಳಿದವರನ್ನು ಅಪರಾಧಿಯಂತೆ ಕಾಣದೆ ತೀವ್ರ ಸಂಕಟದಲ್ಲಿದ್ದವರೆಂದೇ ಭಾವಿಸಬೇಕೆಂದೂ ಅದು ವಿಧಿಸಿದೆ.

ಹರಕೆ ಹೊರುವುದನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಗುಡಿಯ ಬಾಗಿಲಿಗೆ ಹೋದ ಕಾಲು ಆಸ್ಪತ್ರೆಯ ಮೆಟ್ಟಿಲನ್ನೂ ಏರಲಿ. ಹಸಿದವನಿಗೆ ಅನ್ನ ನೀಡುವುದನ್ನು ದಾಸೋಹವೆಂದು ನಂಬಿದ ಸಮಾಜವು, ಮನಸ್ಸು ಬಾಡಿದವನ ಬಳಿ ಅರ್ಧ ಗಳಿಗೆ ಕುಳಿತು ಆತನ ಮಾತು ಕೇಳುವುದನ್ನೂ ಅದೇ ಪಂಕ್ತಿಯಲ್ಲಿ ಎಣಿಸಬೇಕು.