ರೊಟ್ಟಿಯೂ ಒಂದು ಕಾಯಕ

ಅನ್ನವಿಲ್ಲದ ಊಟವನ್ನು ನಮ್ಮ ವಿಜಯಪುರ ಸೀಮೆಯ ಜನ ಒಪ್ಪಿಯಾರು. ರೊಟ್ಟಿಯಿಲ್ಲದ ಊಟವನ್ನು ಮಾತ್ರ ಊಟವೆಂದು ಎಣಿಸರು. ಇಲ್ಲಿಯ ಎರೆಮಣ್ಣು ಮಳೆಗಾಲದ ತೇವವನ್ನು ಒಡಲಲ್ಲಿ ಹಿಡಿದಿಟ್ಟುಕೊಂಡು, ಹಿಂಗಾರಿಯಲ್ಲಿ ಬಿತ್ತಿದ ಬಿಳಿಜೋಳವನ್ನು ಚಳಿಗಾಲದುದ್ದಕ್ಕೂ ಪೋಷಿಸುತ್ತದೆ. ನೆರೆಯ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆಯ್ದು ಬೆಳೆಸಿದ ಮಾಲದಂಡಿ, ಅಂದರೆ ಎಂ 35-1 ಎಂಬ ತಳಿ, ಇಂದಿಗೂ ನಮ್ಮ ರೈತರ ಮೆಚ್ಚಿನದು. ಕಾಳು ಮನುಷ್ಯರಿಗೆ, ಕಣಕಿ ದನಕರುಗಳಿಗೆ. ಇಂಥ ಜೋಳವನ್ನು ರೊಟ್ಟಿಯಾಗಿಸುವ ಕೈಗಳ ವಿಷಯವಾಗಿ ನಾಲ್ಕು ಮಾತುಗಳನ್ನು ಓದುಗ ಬಂಧುಗಳಲ್ಲಿ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಗಾಂಧಿ ಚೌಕದ ಸಮೀಪದ ಓಣಿಯೊಂದರಲ್ಲಿ ನಮ್ಮ ಮನೆ. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ನಾನು ನಮ್ಮ ಅತ್ತೆಯವರು ರೊಟ್ಟಿ ಬಡಿಯುವ ಸದ್ದಿಗೇ ಎಚ್ಚರಗೊಂಡವಳು. ಯಜಮಾನರು ಅಂಗಡಿಗೆ, ನಾನು ಶಾಲೆಗೆ, ಮಕ್ಕಳು ಓದಿಗೆ ಹೊರಡುವಷ್ಟರಲ್ಲಿ ಬುಟ್ಟಿ ತುಂಬಿರುತ್ತಿತ್ತು. ನನ್ನ ಮಗ ಒಂದು ದಿನ ಕುತೂಹಲದಿಂದ ಲೆಕ್ಕ ಹಾಕಿದ. ದಿನಕ್ಕೆ 30 ರೊಟ್ಟಿಯಂತೆ 40 ವರ್ಷಕ್ಕೆ 4 ಲಕ್ಷ 38 ಸಾವಿರ! ಅತ್ತೆಯವರು ನಕ್ಕು, "ತಿಂದವರು ಯಾರೂ ಎಣಿಸಲಿಲ್ಲ, ನಾ ಯಾಕ ಎಣಿಸಲಿ ತಮ್ಮಾ?" ಎಂದರು. ನಗುತ್ತಲೇ ಆಡಿದ ಮಾತು. ಕೇಳಿದ ನಮಗೆ ಮಾತ್ರ ನಗಲಾಗಲಿಲ್ಲ.

ಮೂರು ವರ್ಷಗಳ ಹಿಂದೆ ಅವರ ಮಣಿಕಟ್ಟು ಊದಿಕೊಂಡು, ಇನ್ನು ರೊಟ್ಟಿ ಬಡಿಯಕೂಡದೆಂದು ವೈದ್ಯರು ಹೇಳಿದರು. ಪೇಟೆಯ ಅಂಗಡಿಗಳಿಂದ ಖಡಕ್ ರೊಟ್ಟಿಯ ಕಟ್ಟುಗಳು ಮನೆಗೆ ಬಂದವು. ಮಾರುವ ರೊಟ್ಟಿಯನ್ನು ನಾನು ಹಳಿಯುವವಳಲ್ಲ. ಅದರಿಂದ ಎಷ್ಟೋ ತಾಯಂದಿರ ಸಂಸಾರ ನಡೆದಿದೆ. ಕಲಬುರಗಿ ಜಿಲ್ಲೆಯಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರು 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿಯೇ ತಮ್ಮ ಕೈಯ ದುಡಿಮೆಗೆ ಬೆಲೆ ತಂದುಕೊಂಡಿದ್ದಾರೆ. ಆದರೆ ನಮ್ಮ ಅತ್ತೆಯವರಿಗೆ ಹಲ್ಲುಗಳಿಲ್ಲ. ಖಡಕ್ ರೊಟ್ಟಿಯನ್ನು ಹಾಲಿನಲ್ಲಿ ನೆನೆಯಿಟ್ಟು ಅರ್ಧಕ್ಕೇ ಕೈತೊಳೆಯತೊಡಗಿದರು. ನಾಲ್ಕು ಲಕ್ಷ ಬಿಸಿರೊಟ್ಟಿ ಬಡಿಸಿದ ಜೀವಕ್ಕೆ ಒಂದು ಬಿಸಿರೊಟ್ಟಿ ಇಲ್ಲವಾಯಿತು. ನನಗೆ ರೊಟ್ಟಿ ಬರುತ್ತದೆ. ಆದರೆ ಬೆಳಿಗ್ಗೆ ಏಳಕ್ಕೆಲ್ಲ ನಾನು ಮನೆ ಬಿಡಬೇಕು. ಆಗ ಮಗನೇ, "ಅಮ್ಮಾ, ನೀ ಕುಂತು ಹೇಳು, ನಾ ಬಡಿತೀನಿ" ಎಂದು ಅಜ್ಜಿಯ ಮುಂದೆ ಪರಾತ ಇಟ್ಟುಕೊಂಡು ಕುಳಿತನು.

ಆಗ ಅವರು ಹೇಳಿಕೊಟ್ಟ ಕ್ರಮವನ್ನು ಇಲ್ಲಿ ಕೊಡುತ್ತೇನೆ. ಗಿರಣಿಯಿಂದ ತಂದ ಹೊಸ ಹಿಟ್ಟೇ ಇರಲಿ. ಹಳೆಯ ಹಿಟ್ಟಿಗೆ ಜಿಗಿ ಇರದು. ಗೋಧಿಗಿರುವ ಅಂಟು ಜೋಳಕ್ಕಿಲ್ಲ. ಆ ಕೊರತೆಯನ್ನು ತುಂಬುವುದು ಕುದಿಯುವ ನೀರು. ಬಿಸಿಗೆ ಜೋಳದ ಪಿಷ್ಟ ಬೆಂದು ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಒಂದು ಬಟ್ಟಲು ಹಿಟ್ಟಿಗೆ ಸುಮಾರು ಮುಕ್ಕಾಲು ಬಟ್ಟಲು ನೀರು. ಹಿಟ್ಟಿನ ನಡುವೆ ಕುಳಿ ಮಾಡಿ ನೀರು ಸುರಿದು, ಮೊದಲು ಸೌಟಿನಿಂದ ಕಲಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ಅಂಗೈಯ ಬುಡದಿಂದ ನಾದಬೇಕು. ಎರಡು ಮೂರು ರೊಟ್ಟಿಗಾಗುವಷ್ಟನ್ನೇ ಒಮ್ಮೆಗೆ ನಾದುವುದು ಲೇಸು. ಉಂಡೆಯ ಕೆಳಗೆ ಒಣಹಿಟ್ಟು ಹರಡಿ, ತಿರುಗಿಸುತ್ತ ಬಡಿಯಬೇಕು. ಕಾದ ಹಂಚಿಗೆ ಹಾಕುವಾಗ ಒಣಹಿಟ್ಟಿನ ಬದಿ ಮೇಲಿರಲಿ. ಅದರ ಮೇಲೆ ಒದ್ದೆಬಟ್ಟೆಯಿಂದ ನೀರು ಸವರಬೇಕು. ನೀರು ಆರುತ್ತಲೇ ಮಗುಚಿ, ಅಂಚನ್ನು ಬಟ್ಟೆಯಿಂದ ಒತ್ತುತ್ತ ಬಂದರೆ ರೊಟ್ಟಿ ಉಬ್ಬುತ್ತದೆ. ಮಗನ ಮೊದಲ ರೊಟ್ಟಿಗಳ ಅಂಚು ಹರಿದುಹೋಗುತ್ತಿತ್ತು. "ಜೋರು ಬ್ಯಾಡ, ಕೈ ಹಗುರ ಬಿಡು" ಎಂಬುದೊಂದೇ ಅಜ್ಜಿಯ ಪಾಠ. ತಿಂಗಳೊಳಗೆ ಅವನ ಕೈಯೂ ಪಳಗಿತು.

ಕಳೆದ ವರ್ಷ ಬಬಲೇಶ್ವರದ ಕಡೆಯ ಬೀಗರು ಒಂದು ಚೀಲ ಗೋವಿನಜೋಳ ಕಳಿಸಿದರು. ಏತ ನೀರಾವರಿ ಬಂದ ಮೇಲೆ ಆ ಭಾಗದಲ್ಲಿ ಬೆಳೆಗಳ ಚಿತ್ರವೇ ಬದಲಾಗಿದೆ. ತಿಕೋಟಾದ ಕಡೆಗೋ ದ್ರಾಕ್ಷಿಯ ತೋಟಗಳು. ಗೋವಿನಜೋಳದ ಮೂಲ ಅಮೆರಿಕ ಖಂಡ. ಅಲ್ಲಿಯ ಮೆಕ್ಸಿಕೋದಲ್ಲಿ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಅರೆದು ನಮ್ಮ ರೊಟ್ಟಿಯಂತೆಯೇ ಹಂಚಿನ ಮೇಲೆ ಬೇಯಿಸುತ್ತಾರೆ. ಸುಣ್ಣದಿಂದ ಹಿಟ್ಟಿಗೆ ಹದವೂ ಬರುತ್ತದೆ, ಕಾಳಿನಲ್ಲಿ ಅಡಗಿದ ಜೀವಸತ್ವವೂ ದೇಹಕ್ಕೆ ದಕ್ಕುತ್ತದೆ. ನಮ್ಮಲ್ಲಿ ಆ ಪದ್ಧತಿಯಿಲ್ಲದಿದ್ದರೂ ಬೇಳೆ, ಶೇಂಗಾ ಹಿಂಡಿ, ಮೊಸರು, ಸೊಪ್ಪು ಜೊತೆಗಿದ್ದು ಊಟವನ್ನು ತುಂಬಿಕೊಡುತ್ತವೆ. ಗೋವಿನಜೋಳದ ಹಿಟ್ಟು ಇನ್ನೂ ಬಿರುಸು. ಆದುದರಿಂದ ಸಣ್ಣ ಜರಡಿಯಲ್ಲಿ ಹಿಡಿದು, ಮೂರು ಪಾಲಿಗೆ ಒಂದು ಪಾಲು ಬಿಳಿಜೋಳದ ಹಿಟ್ಟು ಬೆರೆಸಿ, ಕುದಿನೀರು ಹಾಕಿದ ಮೇಲೆ ಹತ್ತು ನಿಮಿಷ ಮುಚ್ಚಿಡಬೇಕು. ರೊಟ್ಟಿ ತುಸು ದಪ್ಪವಾಗಿರಬೇಕು. ಆ ಹಳದಿ ರೊಟ್ಟಿಯ ಮೇಲೆ ಬೆಣ್ಣೆ ಸವರಿ ಕೊಟ್ಟಾಗ ಅತ್ತೆಯವರು ಎರಡು ರೊಟ್ಟಿ ಉಂಡರು.

ಗಂಡುಹುಡುಗ ರೊಟ್ಟಿ ಬಡಿಯುವುದನ್ನು ಕಂಡು ಓಣಿಯಲ್ಲಿ ನಕ್ಕವರೂ ಉಂಟು. ಆದರೆ ಕಾಯಕಕ್ಕೆ ಗಂಡು ಹೆಣ್ಣೆಂಬ ಭೇದವೆಲ್ಲಿಯದು? ಹನ್ನೆರಡನೆಯ ಶತಮಾನದಲ್ಲಿ ಧಾನ್ಯ ಕುಟ್ಟುವುದನ್ನೇ ಕಾಯಕ ಮಾಡಿಕೊಂಡ ಕೊಟ್ಟಣದ ಸೋಮಮ್ಮನನ್ನು ಶರಣಸಂಕುಲ ತನ್ನವಳೆಂದು ಗೌರವಿಸಿತು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಬಂದು ಸೇರುವುದನ್ನು ನಾವೆಲ್ಲ ಕೊಂಡಾಡುತ್ತೇವೆ. ಮನೆಯೊಳಗೆ ಒಬ್ಬ ತಾಯಿ ಒಂದು ಜೀವಮಾನದಲ್ಲಿ ಬಡಿದ ಲಕ್ಷಗಟ್ಟಲೆ ರೊಟ್ಟಿಗೂ ಅದೇ ಮನ್ನಣೆ ಸಲ್ಲಬೇಡವೆ?

ಮನ್ನಣೆಯೆಂದರೆ ಹೊಗಳಿಕೆಯಷ್ಟೇ ಆದರೆ ಸಾಲದು; ಆ ಭಾರವನ್ನು ಹಂಚಿಕೊಳ್ಳುವುದೇ ನಿಜವಾದ ಮನ್ನಣೆ. ಒಬ್ಬಳ ಕೈಯಲ್ಲಿಯೇ ಉಳಿದ ವಿದ್ಯೆ ಆ ಕೈ ಸೋತ ದಿನ ಮನೆಯಿಂದ ಹೋಗಿಬಿಡುತ್ತದೆ. ವಾರಕ್ಕೆ ಒಂದು ದಿನವಾದರೂ ಮನೆಯ ಮಗ, ಮಗಳು, ಯಜಮಾನರು ಪರಾತದ ಮುಂದೆ ಕೂಡಲಿ. ರೊಟ್ಟಿ ಗುಂಡಗಾಗದಿದ್ದರೂ ಚಿಂತೆಯಿಲ್ಲ. ಹಂಚಿನಿಂದ ಇಳಿದ ಮೊದಲ ಬಿಸಿರೊಟ್ಟಿ ಇಷ್ಟು ದಿನ ಕೊನೆಗೆ ಉಂಡವರ ತಾಟಿಗೆ ಸಲ್ಲಲಿ.